ಗಿಂಡಿ ಬರೆಯುವ ಮೊದಲು ಕಿಂಡಿ

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಯ ಜಗಲಿಗೆ ಭಾನುವಾರ ಚಿತ್ರ ಕಲಿಯಲು ಬರುವವರ ಮುಂದೆ ಮೊದಲ ದಿನ ನಾನಿಡುವುದು ಒಂದು ಹಿತ್ತಾಳೆಯ ಗಿಂಡಿ. ನೆಂಟರು ಬಂದರೆ ಕಾಲು ತೊಳೆಯಲೆಂದು ಅಂಗಳದ ಬದಿಯಲ್ಲಿ ನೀರು ತುಂಬಿಸಿ ಇಡುತ್ತಿದ್ದ ಗಿಂಡಿಯದು. ನಳ್ಳಿ ಬಂದ ಮೇಲೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಹತ್ತು ನಿಮಿಷದಲ್ಲಿ ಬರೆಯಿರಿ ಎನ್ನುತ್ತೇನೆ. ಶಾಲೆಯ ಮಕ್ಕಳಿರಲಿ, ನಿವೃತ್ತರಾದ ಮೇಷ್ಟರಿರಲಿ, ಬರೆಯುವ ಗಿಂಡಿ ಬಹುತೇಕ ಒಂದೇ: ದುಂಡು ಹೊಟ್ಟೆ, ಆನೆಯ ಸೊಂಡಿಲಿನಂಥ ಮೂತಿ, ಬಾಯಿಗೊಂದು ಪೂರ್ಣ ವೃತ್ತ, ತಳಕ್ಕೆ ಸ್ಕೇಲಿಟ್ಟು ಎಳೆದಂಥ ನೇರ ಗೆರೆ.

ಬಾಯಿ ದುಂಡಗಿದೆ ಎಂದು ಗೊತ್ತು, ಆದ್ದರಿಂದ ವೃತ್ತ. ತಳ ಸಮತಟ್ಟು ಎಂದು ಗೊತ್ತು, ಆದ್ದರಿಂದ ನೇರ ಗೆರೆ. ಕಣ್ಣು ಗಿಂಡಿಯನ್ನು ನೋಡುವ ಮೊದಲೇ ತಿಳಿವಳಿಕೆ ಉತ್ತರ ಹೇಳಿಬಿಟ್ಟಿರುತ್ತದೆ. "ನನ್ನ ಕೈಗೆ ಚಿತ್ರ ಒಗ್ಗುವುದಿಲ್ಲ ಮಾಷೇ" ಎಂದು ಅವರು ಕೊರಗುತ್ತಾರೆ. ಕೈಯ ತಪ್ಪು ಏನೂ ಇಲ್ಲ. ಸಹಿ ಹಾಕುವಷ್ಟು ಹತೋಟಿ ಇರುವ ಕೈಗೆ ಗಿಂಡಿ ಬರೆಯಲು ಬರುತ್ತದೆ.

ಗಡಿಯ ಊರಿನಲ್ಲಿ ಪಾಠ ಹೇಳುವ ನನಗೆ ಇಲ್ಲಿ ಎರಡು ಭಾಷೆಗಳ ಸಹಾಯ ಸಿಗುತ್ತದೆ. ನಾವು ಗಿಂಡಿ ಎನ್ನುವುದನ್ನು ಮಲಯಾಳದಲ್ಲಿ ಕಿಂಡಿ ಎನ್ನುತ್ತಾರೆ. ಕನ್ನಡದಲ್ಲಿ ಕಿಂಡಿಯೆಂದರೆ ಸಂದು. ಗಿಂಡಿಯನ್ನು ಬಿಡಿ, ಕಿಂಡಿಯನ್ನು ಬರೆಯಿರಿ ಎಂದು ಅವರಿಗೆ ಹೇಳುತ್ತೇನೆ. ಮೇಲಕ್ಕೆ ಚಾಚಿದ ಮೂತಿಗೂ ಕಂಠಕ್ಕೂ ನಡುವೆ ಹಿಂದಿನ ಗೋಡೆ ಕಾಣುವ ಒಂದು ಖಾಲಿ ಜಾಗವಿದೆ. ಕೆಳಗೆ ಚೂಪು, ಮೇಲೆ ಅಗಲ. ಆ ಖಾಲಿಗೆ ಹೆಸರಿಲ್ಲ. ಹೆಸರಿಲ್ಲದ್ದರ ಆಕಾರ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ನೋಡದೆ ಬೇರೆ ದಾರಿಯೇ ಇಲ್ಲ. ನೋಡಿ ಬರೆದರೆ ಒಂದು ಬದಿಯಲ್ಲಿ ಮೂತಿಯ ಅಂಚು, ಇನ್ನೊಂದು ಬದಿಯಲ್ಲಿ ಕಂಠದ ಅಂಚು ತಾವಾಗಿಯೇ ಸರಿಯಾಗಿ ಬಂದಿರುತ್ತವೆ. ಕುರ್ಚಿಯ ಕಾಲುಗಳ ನಡುವಿನ ಜಾಗ, ಮೆಟ್ಟುಕತ್ತಿಯ ಬಾಗಿದ ಅಲಗಿಗೂ ಮಣೆಗೂ ನಡುವಿನ ಜಾಗ ಎಲ್ಲಕ್ಕೂ ಇದೇ ಉಪಾಯ. ಕಳೆದ ವರ್ಷ ಅಡಿಕೆ ಕೃಷಿಕರೊಬ್ಬರು ಬರೆದ ಕಿಂಡಿಯ ಒಂದು ಬದಿ ಸ್ವಲ್ಪ ಒಳಕ್ಕೆ ಬಾಗಿತ್ತು. ತಿದ್ದಲು ಹೋಗಿ ಗಿಂಡಿಯನ್ನು ನೋಡಿದೆ. ಮೂತಿಯಲ್ಲಿ ಎಂದೋ ಬಿದ್ದು ಆದ ತಗ್ಗಿತ್ತು. ಅವರು ಬರೆದದ್ದೇ ಸರಿಯಾಗಿತ್ತು.

ಅಳತೆಗೆ ಪೆನ್ಸಿಲೇ ಸಾಕು. ಮೊಣಕೈ ಮಡಚದೆ ತೋಳನ್ನು ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯಿಂದ ಹೆಬ್ಬೆರಳಿನವರೆಗೆ ಹೊಟ್ಟೆಯ ಅಗಲವನ್ನು ಹಿಡಿಯಿರಿ. ಅದು ಎತ್ತರದಲ್ಲಿ ಎಷ್ಟು ಸಲ ಕೂಡುತ್ತದೆ ನೋಡಿ. ಮೊಣಕೈ ಸ್ವಲ್ಪ ಮಡಚಿದರೂ ಲೆಕ್ಕ ಕೆಡುತ್ತದೆ.

ವೃತ್ತದ ವಿಷಯವನ್ನು ಗಾಜಿನ ಲೋಟದಲ್ಲಿ ತೋರಿಸುವುದು ಸುಲಭ. ಅರ್ಧ ಲೋಟ ಕಟ್ಟನ್ ಚಹಾ, ಅಂದರೆ ಹಾಲು ಹಾಕದ ಚಹಾ, ಮೇಜಿನ ಮೇಲಿಡಿ. ಬಾಯಿ, ಚಹಾದ ಮಟ್ಟ, ತಳ, ಹೀಗೆ ಮೂರು ವೃತ್ತಗಳು ಕಾಣುತ್ತವೆ; ಮೂರೂ ಚಪ್ಪಟೆ, ಆದರೆ ಒಂದೇ ಅಳತೆಯಲ್ಲಿ ಅಲ್ಲ. ಬಾಯಿ ಎಲ್ಲಕ್ಕಿಂತ ಚಪ್ಪಟೆ, ತಳ ಎಲ್ಲಕ್ಕಿಂತ ತೆರೆದದ್ದು, ಏಕೆಂದರೆ ತಳ ನಿಮ್ಮ ಕಣ್ಣಿನ ಮಟ್ಟದಿಂದ ಹೆಚ್ಚು ಕೆಳಗಿದೆ. ಲೋಟವನ್ನು ನಿಧಾನವಾಗಿ ಎತ್ತಿ. ಬಾಯಿ ಕಣ್ಣಿನ ಮಟ್ಟಕ್ಕೆ ಬಂದಾಗ ಬರೀ ಒಂದು ಗೆರೆ ಉಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಚಪ್ಪಟೆ ವೃತ್ತದ ಎರಡು ತುದಿಗಳು ಕಣ್ಣಿನ ಮೂಲೆಯಂತೆ ಚೂಪಾಗಬಾರದು. ಎಷ್ಟೇ ಚಪ್ಪಟೆಯಾದರೂ ಅಲ್ಲಿ ಗೆರೆ ದುಂಡಗೆ ತಿರುಗಬೇಕು. ನನ್ನ ರಬ್ಬರು ಅತಿ ಹೆಚ್ಚು ಸವೆದಿರುವುದು ಈ ಮೂಲೆಗಳನ್ನು ಅಳಿಸಿಯೇ.

ಬೆಳಕಿಗೆ ಬಂದರೆ, ಟ್ಯೂಬ್‌ಲೈಟ್ ಆರಿಸಿಬಿಡಿ. ಎರಡು ಮೂರು ಕಡೆಯಿಂದ ಬೆಳಕು ಬಿದ್ದರೆ ನೆರಳುಗಳು ಒಂದನ್ನೊಂದು ಕೊಲ್ಲುತ್ತವೆ. ಹಂಚಿನ ಮನೆಯಲ್ಲಿ ಒಂದು ಗಾಜಿನ ಹಂಚಿದ್ದರೆ ಅದರ ಕೆಳಗಿನ ಕೋಣೆಗಿಂತ ಒಳ್ಳೆಯ ಚಿತ್ರಶಾಲೆ ಬೇಡ. ಬಿಸಿಲಿದ್ದರೆ ಅರ್ಧ ಗಂಟೆಯಲ್ಲಿ ನೆರಳು ಸರಿಯುತ್ತದೆ, ಆದ್ದರಿಂದ ಮೊದಲೇ ಅದರ ಎಲ್ಲೆಯನ್ನು ತೆಳುವಾಗಿ ಗುರುತಿಸಿ, ಆಮೇಲೆ ಬದಲಾಯಿಸಬೇಡಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಸಣ್ಣ ವಿವರಗಳೆಲ್ಲ ಕರಗಿ ನಾಲ್ಕೈದು ಛಾಯೆಗಳು ಮಾತ್ರ ಉಳಿಯುತ್ತವೆ. ಮೊದಲು ಅವನ್ನು ತುಂಬಿ.

ಸುಲಿಯದ ಒಣ ತೆಂಗಿನಕಾಯಿಯನ್ನೂ ಗಿಂಡಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಯಿಯ ಮೇಲೆ ತಿಳಿಯಿಂದ ಗಾಢಕ್ಕೆ ಛಾಯೆ ನಿಧಾನವಾಗಿ ಇಳಿಯುತ್ತದೆ. ಅತಿ ಗಾಢವಾದ ಪಟ್ಟಿ ಅಂಚಿನಲ್ಲಿಲ್ಲ, ಅಂಚಿಗಿಂತ ಸ್ವಲ್ಪ ಒಳಗಿದೆ. ನೆಲಕ್ಕೆ ಬಿದ್ದು ಮರಳಿದ ಮಂದ ಬೆಳಕು ಅಂಚನ್ನು ತುಸು ತಿಳಿಗೊಳಿಸುತ್ತದೆ. ಆ ಮಂದ ಬೆಳಕನ್ನು ಬಿಟ್ಟರೆ ಕಾಯಿ ತಟ್ಟೆಯಂತೆ ಕಾಣುತ್ತದೆ. ಹಿತ್ತಾಳೆಯಲ್ಲಿ ಹಾಗಲ್ಲ. ಕಪ್ಪೂ ಬಿಳುಪೂ ನಡುವಿನ ಛಾಯೆಗಳಿಲ್ಲದೆ ತಾಗಿಕೊಂಡೇ ನಿಲ್ಲುತ್ತವೆ. ಹೊಳಪು ಬರಿಸಬೇಕೆಂದರೆ ಕಾಗದವನ್ನು ಅಲ್ಲಿ ಮುಟ್ಟದೆ ಬಿಟ್ಟು, ಅದರ ಬದಿಗೇ ಧೈರ್ಯವಾಗಿ ಕಪ್ಪು ತನ್ನಿ. ಹೆಚ್ಚಿನವರ ಚಿತ್ರ ಸೋಲುವುದು ಈ ಕಪ್ಪಿನ ಹೆದರಿಕೆಯಿಂದ.

ಆ ಕಪ್ಪು ಎಚ್‌ಬಿ ಪೆನ್ಸಿಲಿನಲ್ಲಿ ಬರುವುದಿಲ್ಲ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ಕ್ರಮವನ್ನು ಫ್ರಾನ್ಸಿನ ಕಾಂಟೆ 1795ರಲ್ಲಿ ರೂಢಿಗೆ ತಂದರು. ಮಣ್ಣು ಹೆಚ್ಚಾದಷ್ಟೂ ಗಡಸು, ಅದು ಎಚ್. ಗ್ರಾಫೈಟ್ ಹೆಚ್ಚಾದಷ್ಟೂ ಮೆದು ಮತ್ತು ಕಪ್ಪು, ಅದು ಬಿ. ನಡುವಿನ ಎಚ್‌ಬಿ, ಮೆದುವಾದ 2ಬಿ, ಇನ್ನೂ ಮೆದುವಾದ 6ಬಿ ಮೂರಿದ್ದರೆ ಸಾಕು. ಒತ್ತಿ ತಿಕ್ಕಿದರೆ ಕಪ್ಪಾಗುವ ಬದಲು ಹೊಳೆಯತೊಡಗುತ್ತದೆ, ಆದ್ದರಿಂದ ಹಗುರವಾಗಿ ಪದರದ ಮೇಲೆ ಪದರ ಹಾಕಿ. ಬೆರಳಿನಿಂದ ಉಜ್ಜಬೇಡಿ, ಬೆರಳಿನ ಎಣ್ಣೆಯಂಶ ಕಾಗದಕ್ಕೆ ಹತ್ತಿ ಕಲೆ ಉಳಿಯುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ನೇರ ಬಂದವರನ್ನು ನಾನು ಮೊದಲು ಬಾವಿಕಟ್ಟೆಗೆ ಕಳುಹಿಸುತ್ತೇನೆ.

ಮಳೆಗಾಲದಲ್ಲಿ ನಮ್ಮ ಕಡೆ ಕಾಗದವೂ ಬೆವರುತ್ತದೆ. ಜೂನ್ ಬಂತೆಂದರೆ ಹಾಳೆ ತೇವ ಹೀರಿ ಮೆತ್ತಗಾಗುತ್ತದೆ, ಗಡಸು ಪೆನ್ಸಿಲ್ ಗುಳಿ ಬೀಳಿಸುತ್ತದೆ, ರಬ್ಬರು ತಾಗಿದಲ್ಲಿ ನಾರೆದ್ದು ಆಮೇಲೆ ಛಾಯೆ ಸಮವಾಗಿ ಕೂರುವುದೇ ಇಲ್ಲ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇಡಿ. ಆ ತಿಂಗಳುಗಳಲ್ಲಿ 2ಬಿಯಿಂದಲೇ ಶುರುಮಾಡಿ, ಅಳಿಸುವುದನ್ನು ಕಡಿಮೆ ಮಾಡಿ.

ಗಿಂಡಿ ಕೈವಶವಾದವರಿಗೆ ಮುಂದಿನ ವಸ್ತು ಮುಟ್ಟಾಳೆ. ಅಡಿಕೆ ಹಾಳೆಯ ಟೋಪಿಗೆ ಹೊಳಪಿಲ್ಲ, ಮಡಿಕೆಗಳಿವೆ, ಉದ್ದಕ್ಕೆ ನಾರಿನ ಗೀರುಗಳಿವೆ. ಗೀರುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಅದನ್ನು ಬೋರಲು ಹಾಕಿ, ಅಂಚಿಗೂ ನೆಲಕ್ಕೂ ನಡುವೆ ಉಳಿಯುವ ಕಪ್ಪು ಕಿಂಡಿಯನ್ನು ಬರೆಯಿರಿ.