ಕಡಿಮೆ ಬೆಲೆಯ ಬೋರ್ಬನ್ ಅನ್ನು ಎರಡು ಸಲ ಪರೀಕ್ಷಿಸಿ

ಬಾರ್ ಕೌಂಟರ್ ಹಿಂದೆ ನಿಲ್ಲುವ ನನ್ನನ್ನು ಜನ ಪದೇ ಪದೇ ಕೇಳುವುದು ಇದನ್ನೇ: ಕಡಿಮೆ ದುಡ್ಡಿಗೆ ಒಳ್ಳೆ ಬೋರ್ಬನ್, ಅಂದರೆ ಮೆಕ್ಕೆಜೋಳ ಮುಖ್ಯವಾಗಿರುವ ಅಮೆರಿಕದ ವಿಸ್ಕಿ, ಯಾವುದು? ನೀಟ್ (ಏನೂ ಬೆರೆಸದೆ ಹಾಗೇ) ಕುಡಿಯೋಕಾ, ಕಾಕ್‌ಟೇಲ್ ಮಾಡೋಕಾ ಅಂತ ನಾನು ತಿರುಗಿ ಕೇಳುತ್ತೇನೆ. ಎರಡಕ್ಕೂ ಉತ್ತರ ಬೇರೆ. ನೀಟ್ ಕುಡಿದಾಗ "ಎಷ್ಟು ನುಣುಪಾಗಿದೆ" ಅಂತ ಹೊಗಳಿಸಿಕೊಂಡ ವಿಸ್ಕಿ, ನಿಂಬೆರಸ ಬಿದ್ದ ಕೂಡಲೇ ಎಲ್ಲಿ ಹೋಯಿತು ಅಂತ ಹುಡುಕುವ ಹಾಗೆ ಆಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಬೆಲೆ ಕಡಿಮೆ ಅಂದ ಮಾತ್ರಕ್ಕೆ ಕಳಪೆ ಅಂದುಕೊಳ್ಳಬೇಡಿ. ಅಮೆರಿಕದ ಕಾನೂನಿನ ಪ್ರಕಾರ ಬೋರ್ಬನ್‌ಗೆ ಹಾಕುವ ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲಿ, ಅಂದರೆ ಸಾಮಾನ್ಯವಾಗಿ ಪೀಪಾಯಿಯಲ್ಲಿ ಇಡಬೇಕು, ಬಣ್ಣ ಬೆರೆಸುವಂತಿಲ್ಲ. ದುಬಾರಿ ಬಾಟಲಿಗೂ ಇದೇ ನಿಯಮ, ಅಗ್ಗದ್ದಕ್ಕೂ ಇದೇ. ವೆನಿಲಾ ಮತ್ತು ಸುಟ್ಟ ಸಕ್ಕರೆಯ ಘಮ ಬರುವುದು ಮುಖ್ಯವಾಗಿ ಆ ಮರದಿಂದಲೇ. ಹಾಗಾದರೆ ಕಂಪನಿ ದುಡ್ಡು ಉಳಿಸುವುದು ಎಲ್ಲಿ? ಹೆಚ್ಚಾಗಿ ವಯಸ್ಸಿನಲ್ಲಿ, ಅಂದರೆ ಪೀಪಾಯಿಯಲ್ಲಿ ಇಡುವ ಕಾಲದಲ್ಲಿ, ಮತ್ತೆ ನೀರಿನಲ್ಲಿ. ನೀರು ಬೆರೆಸಿ ಆಲ್ಕೋಹಾಲ್ ಅನ್ನು ಶೇ. 40ಕ್ಕೆ ಇಳಿಸಿದರೆ ಅದೇ ಪೀಪಾಯಿಯಿಂದ ಜಾಸ್ತಿ ಬಾಟಲಿ ತುಂಬುತ್ತವೆ, ಅಲ್ವಾ?

ಅದಕ್ಕೇ ಲೇಬಲ್ ಓದಬೇಕು. 'ಸ್ಟ್ರೇಟ್' ಅಂತ ಇದ್ದರೆ ಕನಿಷ್ಠ 2 ವರ್ಷ ಪೀಪಾಯಿಯಲ್ಲಿತ್ತು ಅಂತ ಅರ್ಥ. 4 ವರ್ಷಕ್ಕಿಂತ ಕಡಿಮೆಯಾದರೆ ವಯಸ್ಸನ್ನು ಬರೆಯಲೇಬೇಕು, ಹಾಗಾಗಿ ಸ್ಟ್ರೇಟ್ ಅಂತ ಇದ್ದು ವಯಸ್ಸು ಇಲ್ಲದಿದ್ದರೆ 4 ವರ್ಷ ಆಗಿದೆ ಅಂತ ನಂಬಬಹುದು. ನನಗೆ ಇನ್ನೂ ಇಷ್ಟವಾದ ಮಾತು 'ಬಾಟಲ್ಡ್ ಇನ್ ಬಾಂಡ್'. 1897ರ ಕಾಯ್ದೆಯಿಂದ ಬಂದದ್ದು. ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಹಂಗಾಮಿನಲ್ಲಿ ಬಟ್ಟಿ ಇಳಿಸಿದ್ದು, ಪೀಪಾಯಿಯಲ್ಲಿ ಕನಿಷ್ಠ 4 ವರ್ಷ, ಬಾಟಲಿಯಲ್ಲಿ ಆಲ್ಕೋಹಾಲ್ ಸರಿಯಾಗಿ ಶೇ. 50. ಕೆಂಟಕಿಯ ಇವಾನ್ ವಿಲಿಯಮ್ಸ್ ಬಿಳಿ ಲೇಬಲ್ ಈ ಜಾತಿಯದು. ಕಡಿಮೆ ಬೆಲೆಯಲ್ಲಿ ನಾನು ಮೊದಲು ಕೈ ಹಾಕುವುದು ಅದಕ್ಕೇ.

ಮೊದಲು ನೀಟ್. ಬಾಯಿ ಕಿರಿದಾದ ಗ್ಲಾಸಿಗೆ 20 ಮಿ.ಲೀ. ಸುರಿದು ಐದು ನಿಮಿಷ ಸುಮ್ನೆ ಬಿಡಿ. ಮೂಗನ್ನು ಗ್ಲಾಸಿನೊಳಗೆ ತೂರಿಸಬೇಡಿ, ಘಾಟು ಹೊಡೆದು ಮತ್ತೇನೂ ಗೊತ್ತಾಗುವುದಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು ಗ್ಲಾಸಿನ ಅಂಚಿನಿಂದ ಮೂಸಿ. ಮೊದಲ ಗುಟುಕು ನಾಲಿಗೆಯನ್ನು ಹದ ಮಾಡುವುದಕ್ಕೆ ಮಾತ್ರ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೆಯದರಲ್ಲಿ ನೋಡಿ: ಮುಂದೆ ಮೆಕ್ಕೆಜೋಳದ ಸಿಹಿ, ನಡುವೆ ರೈ ಧಾನ್ಯದ ಖಾರ, ನುಂಗಿದ ಮೇಲೆ ಓಕ್‌ನ ಒಗರು. ಎಳೆಯ ವಿಸ್ಕಿಯಲ್ಲಿ ಹಸಿ ಹಿಟ್ಟಿನ ವಾಸನೆ ಇರುತ್ತದೆ, ಕೆಲವೊಮ್ಮೆ ಉಗುರು ಬಣ್ಣದ್ದೂ. ಆಮೇಲೆ ನಾಲ್ಕೈದು ಹನಿ ನೀರು ಹಾಕಿ ಮತ್ತೆ ಕುಡಿಯಿರಿ. ಉರಿ ಇಳಿದ ಮೇಲೂ ರುಚಿ ನಿಂತರೆ ಒಳ್ಳೆಯದು, ಉರಿಯ ಜೊತೆ ರುಚಿಯೂ ಹೋದರೆ ಅಲ್ಲಿ ಇದ್ದದ್ದು ಉರಿ ಮಾತ್ರ. ಒಂದೇ ದಿನ ಮೂರು ನಾಲ್ಕು ಬಾಟಲಿ ನೋಡುವಾಗ ನಾನು ಉಗುಳುತ್ತೇನೆ. ಇಲ್ಲದಿದ್ದರೆ ಕೊನೆಯದಕ್ಕೆ ನ್ಯಾಯ ಸಿಗುವುದಿಲ್ಲ.

ಈಗ ಎರಡನೇ ಪರೀಕ್ಷೆ. ಓಲ್ಡ್ ಫ್ಯಾಶನ್ಡ್ ಅನ್ನುವ ಕಾಕ್‌ಟೇಲ್ ಮಾಡಿ: 60 ಮಿ.ಲೀ. ಬೋರ್ಬನ್, 5 ಮಿ.ಲೀ. ಸಕ್ಕರೆ ಪಾಕ, ಎರಡು ಚಿಮುಕು ಬಿಟರ್ಸ್ (ಹನಿ ಲೆಕ್ಕದಲ್ಲಿ ಹಾಕುವ ಕಹಿ ಸಾರ). ಐಸ್ ಹಾಕಿ ಕಲಕುವಾಗ ಅಂದಾಜು 15ರಿಂದ 20 ಮಿ.ಲೀ. ನೀರು ಸೇರುತ್ತದೆ. ಅಂದರೆ ಶೇ. 40ರ ವಿಸ್ಕಿ ನಿಮ್ಮ ತುಟಿಗೆ ಬರುವಾಗ ಶೇ. 30ರ ಆಸುಪಾಸು, ಶೇ. 50ರದ್ದು ಶೇ. 36ರ ಆಸುಪಾಸು. ವಿಸ್ಕಿ ಸಾರ್ ಅನ್ನುವ ಹುಳಿ ಕಾಕ್‌ಟೇಲ್‌ನಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ, ಯಾಕಂದರೆ ಅಲ್ಲಿ 22 ಮಿ.ಲೀ. ನಿಂಬೆರಸ, ಅಷ್ಟೇ ಪಾಕ, ಮೇಲೆ ಜೋರಾಗಿ ಅಲ್ಲಾಡಿಸಿದಾಗ ಕರಗುವ ಐಸ್ ಎಲ್ಲ ಸೇರಿ ತೆಳುವಾದ ವಿಸ್ಕಿಯನ್ನು ಮುಳುಗಿಸಿಬಿಡುತ್ತವೆ. ಆಗ ಉಳಿಯುವುದು ಗಟ್ಟಿ ನಿಂಬೆ ಪಾನಕ. ನೀಟ್‌ನಲ್ಲಿ ಜಾಸ್ತಿ ಅನಿಸಿದ ಖಾರ ಮತ್ತು ಒಗರು ಇಲ್ಲಿ ಬೆನ್ನೆಲುಬಾಗುತ್ತವೆ. ಶೇ. 50.5ರ ವೈಲ್ಡ್ ಟರ್ಕಿ 101 ಅನ್ನು ನೀಟ್ ಕುಡಿದು ಮುಖ ಕಿವುಚಿದವರು ಅದರ ಸಾರ್ ಕುಡಿದು ಇನ್ನೊಂದು ಕೇಳಿದ್ದಾರೆ. ಮೇಕರ್ಸ್ ಮಾರ್ಕ್‌ನಲ್ಲಿ ರೈ ಬದಲು ಗೋಧಿ ಇದೆ, ಮೆತ್ತಗೆ, ಸಿಹಿಯಾಗಿ ಬರುತ್ತದೆ. ಅದನ್ನು ನಾನು ನಿಂಬೆಗೆ ಒಡ್ಡುವುದಿಲ್ಲ, ಒಂದು ದೊಡ್ಡ ಐಸ್ ತುಂಡಿನ ಜೊತೆ ಕೊಡುತ್ತೇನೆ.

ಮನೆಯಲ್ಲಿ ಮಾಡುವವರು ಅರ್ಧ ಅಳತೆಯಲ್ಲೇ ಮಾಡಿ, 30 ಮಿ.ಲೀ. ಸಾಕು. ಪಾಕವನ್ನು ಮಾತ್ರ ಕಣ್ಣಂದಾಜಿನಲ್ಲಿ ಸುರಿಯಬೇಡಿ. ಸಿಹಿ ಒಂದು ಚಮಚ ಹೆಚ್ಚಾದರೂ ಎಲ್ಲ ಬೋರ್ಬನ್ ಒಂದೇ ಥರ ಕಾಣುತ್ತದೆ.