ಮೊದಲ ಪ್ರಶ್ನೆ ಹಿರಿಯರಿಗೇ ಹೋಗಲಿ

ಮನೆಯವರನ್ನು ಒಟ್ಟಿಗೆ ಕೂರಿಸಿ ಮಾತಿನ ಮೂಲಕ ನೆರವಾಗುವ ಕುಟುಂಬ ಚಿಕಿತ್ಸೆ ಕಲಿಯುತ್ತಿರುವವರ ಮೊದಲ ಸೆಷನ್‌ಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ವಯಸ್ಸಾದ ತಾಯಿ ಎದುರಿಗೇ ಕೂತಿದ್ದರೂ 'ಅಮ್ಮ ಸರಿಯಾಗಿ ಊಟ ಮಾಡ್ತಾರಾ?' ಎಂದು ಮಗನನ್ನು ಕೇಳುತ್ತಾರೆ. ಆಮೇಲೆ ಆ ತಾಯಿ ಬಾಯಿ ಬಿಡುವುದಿಲ್ಲ. ತರಬೇತಿಯಲ್ಲಿ ಮೊದಲು ತಿದ್ದಬೇಕಾದದ್ದು ಇದನ್ನೇ. 'ಅಮ್ಮಾ, ಇಲ್ಲಿಗೆ ಬರೋಣ ಅಂದಿದ್ದು ಯಾರು? ನಿಮಗೂ ಬರಬೇಕು ಅನ್ನಿಸಿತ್ತಾ?' ಎಂದು ಅವರನ್ನೇ ಕೇಳಿ, ಉತ್ತರಕ್ಕೆ ಕಾಯಬೇಕು.

ಕಾದರೂ ಉತ್ತರ ಬಾರದಿದ್ದರೆ ಕಿವಿಯ ಬಗ್ಗೆ ಯೋಚಿಸಿ. ವಯಸ್ಸಾದಂತೆ ಸಾಮಾನ್ಯವಾಗಿ ಕೀಚು ಸ್ವರಗಳು ಮೊದಲು ಕೇಳಿಸದಾಗುತ್ತವೆ, ಹಾಗಾಗಿ ಕಿರುಚಿ ಪ್ರಯೋಜನವಿಲ್ಲ. ಫ್ಯಾನ್ ಆಫ್ ಮಾಡಿ, ಮೂರ್ನಾಲ್ಕು ಅಡಿ ದೂರದಲ್ಲಿ ಎದುರಾಗಿ ಕೂತು, ತಗ್ಗಿದ ದನಿಯಲ್ಲಿ ನಿಧಾನವಾಗಿ ಮಾತಾಡಿ. ಬೆಳಕು ನಿಮ್ಮ ಮುಖದ ಮೇಲಿರಲಿ, ಬೆನ್ನ ಹಿಂದೆ ಕಿಟಕಿ ಬೇಡ. ಕೇಳಿಸದೆ ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದು ಬರೆದುಕೊಂಡರೆ ಮುಂದಿನದೆಲ್ಲ ದಾರಿ ತಪ್ಪುತ್ತದೆ.

'ಅತ್ತೆ ಎಲ್ಲರ ಮೇಲೂ ಅನುಮಾನ ಪಡ್ತಾರೆ' ಎಂದು ಸೊಸೆ ಹೇಳಿದಾಗ 'ಯಾವಾಗಿಂದ?' ಎಂದು ಕೇಳಲೇಬೇಕು. ಎರಡು ಮೂರು ದಿನದಿಂದ ಎಂದಾದರೆ, ಅದರಲ್ಲೂ ಗೊಂದಲ ಬಂದು ಹೋಗುತ್ತಿದ್ದರೆ, ಅದು ಅತ್ತೆ–ಸೊಸೆ ಜಗಳವಲ್ಲ, ಡೆಲಿರಿಯಮ್, ಅಂದರೆ ದೇಹದ ತೊಂದರೆಯಿಂದ ದಿಢೀರನೆ ಬರುವ ಬುದ್ಧಿಯ ಗೊಂದಲ ಇರಬಹುದು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದದ್ದು, ಹೊಸ ಮಾತ್ರೆ ಯಾವುದೂ ಕಾರಣವಾಗಬಹುದು. ಅದೇ ದಿನ ಆಸ್ಪತ್ರೆಗೆ ಕಳಿಸಿ. ತಿಂಗಳುಗಳಿಂದ ನಡೆದುಬಂದಿದ್ದರೆ ಮರೆವಿನ ಕಾಯಿಲೆ, ಖಿನ್ನತೆ ಎರಡನ್ನೂ ನೋಡಬೇಕು. ಹಿರಿಯರಿಗೆಂದೇ ಇರುವ 15 ಪ್ರಶ್ನೆಗಳ ಖಿನ್ನತೆ ಮಾಪನದಲ್ಲಿ ಅಂಕ 5 ದಾಟಿದರೆ ಮನೋವೈದ್ಯರ ತಪಾಸಣೆ ಬೇಕು. ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್ ಇದೆ. ಮಾತ್ರೆಗಳ ಪಟ್ಟಿ ಸಾಲದು, ಮನೆಯಲ್ಲಿರುವ ಮಾತ್ರೆ ಚೀಲವನ್ನೇ ತರಿಸಿ.

ನಮ್ಮೂರಿನಲ್ಲಿ ಮಗ ವೈಟ್‌ಫೀಲ್ಡ್‌ನಲ್ಲಿ, ಮಗಳು ಅಮೆರಿಕದಿಂದ ವಿಡಿಯೋ ಕಾಲ್‌ನಲ್ಲಿ, ನಡುವೆ ಜಯನಗರದ ಮನೆಯ ಪ್ರಶ್ನೆ. ಮಕ್ಕಳು ಎಷ್ಟೇ ಒಳ್ಳೆಯವರಿರಲಿ, ಪ್ರತಿ ಸೆಷನ್‌ನಲ್ಲೂ 15 ನಿಮಿಷ ಬೇರೆ ಯಾರೂ ಇಲ್ಲದೆ ಹಿರಿಯರ ಜೊತೆ ಮಾತ್ರ ಮಾತಾಡಿ. 'ಪಿಂಚಣಿ ದುಡ್ಡು ಯಾರು ತೆಗೀತಾರೆ? ಎಟಿಎಂ ಕಾರ್ಡ್ ಯಾರ ಹತ್ರ ಇದೆ?' ಎಂಬ ನೇರ ಪ್ರಶ್ನೆಗಳು 'ಕಷ್ಟ ಏನಾದ್ರೂ ಇದೆಯಾ?' ಎನ್ನುವುದಕ್ಕಿಂತ ಹೆಚ್ಚು ಹೊರತೆಗೆಯುತ್ತವೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನಪತ್ರ ಬರೆದುಕೊಟ್ಟ ಮೇಲೆ ಮಕ್ಕಳು ಹಿರಿಯರನ್ನು ಕೈಬಿಟ್ಟಿದ್ದರೆ, ಅದನ್ನು ರದ್ದುಪಡಿಸಲು 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಹಿರಿಯರ ಸಹಾಯವಾಣಿ 14567 ಪ್ರತಿಯೊಬ್ಬ ಕಲಿಕಾರ್ಥಿಗೂ ಬಾಯಿಪಾಠ ಇರಬೇಕು.

ಕೊನೆಗೆ ಕೇಸ್ ಶೀಟ್. ಹಿರಿಯರಿಗೆ ಬೇಕಾದದ್ದನ್ನು ಅವರದೇ ಮಾತಿನಲ್ಲಿ, ಮಕ್ಕಳಿಗೆ ಬೇಕಾದದ್ದನ್ನು ಬೇರೆಯಾಗಿ ಬರೆಯಬೇಕು. ಎರಡೂ ಪದಕ್ಕೆ ಪದ ಒಂದೇ ಆಗಿದ್ದರೆ, ಮುಂದಿನ ವಾರ ಹಿರಿಯರನ್ನು ಇನ್ನೊಮ್ಮೆ ಕೇಳಿ.