ಸಂಪಾಜೆಯ ಎರಡು ದಡ: ಕಾಯ್ದೆ ಒಂದು, ಕೋವಿಯ ಲೆಕ್ಕ ಎರಡು

ಸುಳ್ಯದಿಂದ ಮಡಿಕೇರಿ ಕಡೆಗೆ ಹೊರಟರೆ ಅರಂತೋಡು, ಕಲ್ಲುಗುಂಡಿ ದಾಟಿದ ಮೇಲೆ ಸಂಪಾಜೆ ಸಿಗುತ್ತದೆ. ಊರಿನ ಹೆಸರು ಒಂದೇ, ಜಿಲ್ಲೆ ಮಾತ್ರ ಎರಡು. ಒಂದು ಸಂಪಾಜೆ ದಕ್ಷಿಣ ಕನ್ನಡದ್ದು, ಇನ್ನೊಂದು ಕೊಡಗಿನದು. ಎರಡೂ ಕಡೆ ಅಡಿಕೆ ತೋಟ, ಎರಡೂ ಕಡೆ ಅರೆಭಾಷೆ ಆಡುವ ಗೌಡರ ಮನೆಗಳು, ಎರಡೂ ಕಡೆ ಹಂದಿ ಮತ್ತು ಆನೆಯ ಕಾಟ. ಮದುವೆ ಸಂಬಂಧಗಳೂ ಗಡಿ ನೋಡಿ ನಡೆಯುವುದಿಲ್ಲ. ಆದರೆ ಮನೆಯೊಳಗಿರುವ ಜೋಡಿ ನಳಿಗೆ ಕೋವಿಯ ವಿಷಯಕ್ಕೆ ಬಂದಾಗ ಬೀಗರಿಬ್ಬರ ಪಾಡು ಬೇರೆಬೇರೆಯಾಗುತ್ತದೆ. ಕೊಡಗಿನ ಕಡೆಯವರ ಬಳಿ ಜಮ್ಮಾ ಭೂಮಿ, ಅಂದರೆ ಅರಸರ ಕಾಲದಿಂದ ಬಂದ ವಂಶಪಾರಂಪರ್ಯ ಹಿಡುವಳಿ, ಇದ್ದರೆ ಅವರಿಗೆ ಪರವಾನಗಿ ಬೇಡ, ಜಿಲ್ಲಾಡಳಿತ ಕೊಡುವ ವಿನಾಯಿತಿ ಪತ್ರ ಸಾಕು. ಸುಳ್ಯದ ಕಡೆಯವರು ಅರ್ಜಿ ಹಾಕಬೇಕು, ಪೊಲೀಸ್ ವರದಿಗೆ ಕಾಯಬೇಕು, ಅವಧಿ ಮುಗಿದಾಗ ನವೀಕರಿಸಬೇಕು. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಹೊತ್ತೊಯ್ದು ಠೇವಣಿ ಇಡಬೇಕು.

ಅಕ್ಕಪಕ್ಕದ ರಾಜ್ಯಗಳ ಬಂದೂಕು ಕಾನೂನು ಹೋಲಿಸುವ ಮಾತು ಬಂದರೆ ಎಲ್ಲರಿಗೂ ಅಮೆರಿಕ ನೆನಪಾಗುತ್ತದೆ. ಅಲ್ಲಿ ಅದು ಸಹಜ. ವರ್ಮಾಂಟ್‌ನಲ್ಲಿ ಕೈಬಂದೂಕು ಇಟ್ಟುಕೊಂಡು ಓಡಾಡಲು ಪರವಾನಗಿ ಬೇಕಾಗಿಲ್ಲ. ಅದಕ್ಕೆ ತಾಗಿಕೊಂಡೇ ಇರುವ ನ್ಯೂಯಾರ್ಕ್‌ನಲ್ಲಿ 1911ರಿಂದಲೂ ಬೇಕು. ಪ್ರತಿ ರಾಜ್ಯವೂ ತನ್ನದೇ ಕಾನೂನು ಮಾಡಿಕೊಳ್ಳುವ ವ್ಯವಸ್ಥೆ ಅದು. ನಮ್ಮಲ್ಲಿ ಹಾಗಿಲ್ಲ. ಶಸ್ತ್ರಾಸ್ತ್ರ, ಮದ್ದುಗುಂಡುಗಳು ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಗೆ ಸೇರಿವೆ, 5ನೇ ನಮೂದು. ಕರ್ನಾಟಕಕ್ಕೂ ಕೇರಳಕ್ಕೂ ತಮಿಳುನಾಡಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆ ಒಂದೇ. ಹಾಗಿದ್ದೂ ಗಡಿ ದಾಟಿದರೆ ಕೋವಿಯ ಲೆಕ್ಕ ಯಾಕೆ ಇಷ್ಟು ಬದಲಾಗುತ್ತದೆ ಎಂಬುದಕ್ಕೆ ಉತ್ತರ ಕಾಯ್ದೆಯ ಪುಸ್ತಕದಲ್ಲಿ ಅರ್ಧ ಮಾತ್ರ ಇದೆ. ಉಳಿದರ್ಧಕ್ಕೆ 1834ಕ್ಕೆ ಹೋಗಬೇಕು.

ಆ ವರ್ಷ ಈಸ್ಟ್ ಇಂಡಿಯಾ ಕಂಪನಿ ಹಾಲೇರಿ ವಂಶದ ಅರಸ ಚಿಕ್ಕ ವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತನ್ನದಾಗಿಸಿಕೊಂಡಿತು. ಅಲ್ಲಿಯ ತನಕ ಅಮರ ಸುಳ್ಯ ಸೀಮೆಯೂ ಹಾಲೇರಿ ಅರಸರ ಆಳ್ವಿಕೆಯಲ್ಲೇ ಇತ್ತು. ಕಂಪನಿ ಸರ್ಕಾರ ಅದನ್ನು ಕೊಡಗಿನಿಂದ ಕತ್ತರಿಸಿ ಕೆಳಗಿನ ಕನ್ನಡ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆದ ಬೆಳೆಯಲ್ಲೇ ಕಂದಾಯ ಒಪ್ಪಿಸುತ್ತಿದ್ದ ರೈತರು ಈಗ ನಗದು ಎಣಿಸಬೇಕಾಯಿತು. ಸಂಕಟ ಕುದಿಯುತ್ತಾ ಬಂದು 1837ರಲ್ಲಿ ಸಿಡಿಯಿತು. ಅರಸು ಮನೆತನದವನೆಂದು ಜನ ನಂಬಿದ್ದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳತ್ವದಲ್ಲಿ ಜನ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಏಪ್ರಿಲ್ ಆರಂಭದಲ್ಲಿ ಮಂಗಳೂರನ್ನೇ ಹಿಡಿದು ಇಂದಿನ ಬಾವುಟಗುಡ್ಡೆಯ ಮೇಲೆ ತಮ್ಮ ಧ್ವಜ ಏರಿಸಿದರು. ಕಂಪನಿಯ ಪಡೆ ಕೆಲವೇ ದಿನಗಳಲ್ಲಿ ಊರನ್ನು ಮರಳಿ ಪಡೆಯಿತು. ಬಂಡಾಯದ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು.

ಈ ಬಂಡಾಯದಲ್ಲಿ ಕೊಡಗಿನ ದಿವಾನರು ಮತ್ತು ಅವರ ಜೊತೆಗಿದ್ದ ಯೋಧರು ಕಂಪನಿಯ ಪರ ನಿಂತರು. ಕಂಪನಿ ಅವರಿಗೆ ಚಿನ್ನ ಬೆಳ್ಳಿಯ ಪದಕಗಳನ್ನು ಮಾಡಿಸಿ ಕೊಟ್ಟಿತು. ‘ಕೂರ್ಗ್ ಮೆಡಲ್’ ಎಂದು ಇಂದಿಗೂ ನಾಣ್ಯ ಸಂಗ್ರಹಕಾರರು ಹುಡುಕುವ ಪದಕ ಅದು. ನಿಜ ಹೇಳಬೇಕೆಂದರೆ ಕೋವಿಯ ಕತೆ ಕವಲೊಡೆದದ್ದು ಇಲ್ಲಿ. ಒಂದೇ ಅರಸನ ಪ್ರಜೆಗಳಾಗಿದ್ದವರು ಮೂರೇ ವರ್ಷದಲ್ಲಿ, ಬ್ರಿಟಿಷರ ಕಡತದಲ್ಲಿ, ಒಂದು ಕಡೆ ದಂಗೆಕೋರರೂ ಇನ್ನೊಂದು ಕಡೆ ನಿಷ್ಠರೂ ಆಗಿ ದಾಖಲಾದರು. ಕೊಡಗಿನವರೆಲ್ಲ ಬ್ರಿಟಿಷರ ಪರ ಇದ್ದರೆಂದೂ ಅಲ್ಲ, ಬಂಡಾಯದಲ್ಲಿ ಕೊಡಗಿನ ಜನರೂ ಇದ್ದರು. ಆದರೆ ಕಡತ ಅಷ್ಟು ಸೂಕ್ಷ್ಮವಾಗಿ ಬರೆಯುವುದಿಲ್ಲ.

1857ರ ಮಹಾದಂಗೆಯ ಬಳಿಕ ಬೆಚ್ಚಿದ ಸರ್ಕಾರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತು. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಬೆಂಗಳೂರಿನ ಉದ್ಯಾನಕ್ಕೆ ಹೆಸರು ಕೊಟ್ಟ ಅದೇ ಕಬ್ಬನ್, 1861ರ ಫೆಬ್ರವರಿಯಲ್ಲಿ ಒಂದು ಘೋಷಣೆ ಹೊರಡಿಸಿದ. ಕೊಡಗಿನ ಜನರ ನಿಷ್ಠೆ, ಧೈರ್ಯ ಹಾಗೂ ಸರ್ಕಾರಕ್ಕೆ ಅವರು ಮಾಡಿದ ಸೇವೆಯನ್ನು ನೆನೆದು, ನಿರಾಯುಧೀಕರಣದ ಕಾನೂನು ಅವರಿಗೆ ಅನ್ವಯಿಸದು ಎಂಬುದು ಅದರ ಸಾರ. ಕಬ್ಬನ್ ನಿವೃತ್ತನಾಗಿ ಊರಿಗೆ ಹೊರಟದ್ದೂ ಅದೇ ವರ್ಷ. ದಾರಿಯಲ್ಲೇ, ಸೂಯೆಜ್‌ನಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಕಾಗದ ಮಾತ್ರ ಒಂದೂವರೆ ಶತಮಾನ ದಾಟಿ ಬದುಕಿದೆ.

ಕೊಡಗಿನ ಇನ್ನೊಂದು ಮಗ್ಗುಲಲ್ಲಿರುವ ಮಲಬಾರನ್ನೂ ಇಲ್ಲಿ ನೋಡಬೇಕು. ಅಲ್ಲಿನ ಮುಸ್ಲಿಂ ಸಮುದಾಯವಾದ ಮಾಪ್ಪಿಳ್ಳೆಯರ ದಂಗೆಗಳಿಂದ ಕಂಗೆಟ್ಟ ಸರ್ಕಾರ 1854ರಲ್ಲೇ ವಿಶೇಷ ಕಾನೂನು ಮಾಡಿ ಅವರ ಯುದ್ಧದ ಕತ್ತಿಗಳನ್ನು ನಿಷೇಧಿಸಿತ್ತು. ಅವುಗಳನ್ನು ವಸೂಲು ಮಾಡಿಸಿದ ಕಲೆಕ್ಟರ್ ಕಾನಲಿ ಮರುವರ್ಷ ಕಲ್ಲಿಕೋಟೆಯ ತನ್ನ ಬಂಗಲೆಯಲ್ಲೇ ಕೊಲೆಯಾದ. ಅಂದರೆ ಪಶ್ಚಿಮ ಘಟ್ಟದ ಒಂದೇ ಸಾಲಿನಲ್ಲಿ, ಹತ್ತು ವರ್ಷಗಳ ಒಳಗೆ, ಒಂದು ನಾಡಿನವರ ಕೈಯಿಂದ ಕತ್ತಿಯನ್ನೂ ಕಸಿದುಕೊಂಡು, ಪಕ್ಕದ ನಾಡಿನವರ ಕೈಯಲ್ಲಿ ಕೋವಿಯನ್ನೂ ಉಳಿಸಿದರು. ಎರಡಕ್ಕೂ ಅಳತೆಗೋಲು ಒಂದೇ: ಸರ್ಕಾರಕ್ಕೆ ಯಾರ ಮೇಲೆ ನಂಬಿಕೆ, ಯಾರ ಮೇಲೆ ಭಯ.

1878ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಪರವಾನಗಿ ಪದ್ಧತಿ ತಂದಿತು. ಭಾರತೀಯರಿಗೆ ಪರವಾನಗಿ, ಯುರೋಪಿಯನ್ನರಿಗೆ ವಿನಾಯಿತಿ. ಆ ಅವಮಾನ ಎಷ್ಟು ಆಳವಾಗಿತ್ತೆಂದರೆ, ಅಹಿಂಸೆಯನ್ನೇ ವ್ರತ ಮಾಡಿಕೊಂಡ ಗಾಂಧೀಜಿ 1930ರಲ್ಲಿ ವೈಸ್‌ರಾಯ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಯ ಬಂದೂಕಿಗೆ ಪರವಾನಗಿ ಕೊಡಬೇಕೆಂಬುದೂ ಒಂದಾಗಿತ್ತು. ಆ ಕಾಯ್ದೆಯ ಕಾಲದಲ್ಲೂ ಕೊಡಗಿನ ವಿನಾಯಿತಿ ಉಳಿದುಕೊಂಡಿತು.

ಸ್ವಾತಂತ್ರ್ಯ ಬಂದ ಮೇಲೆ ಕೊಡಗು ಕೆಲವು ಕಾಲ ತಾನೇ ಒಂದು ರಾಜ್ಯವಾಗಿತ್ತು. ಸಿ.ಎಂ. ಪೂಣಚ್ಚ ಅದರ ಮುಖ್ಯಮಂತ್ರಿ. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದಲ್ಲಿತ್ತು. ಹಾಗಾಗಿ 1956ರ ನವೆಂಬರ್ 1ರವರೆಗೆ ಸಂಪಾಜೆಯ ಎರಡು ದಡಗಳು ನಿಜವಾಗಿಯೂ ಎರಡು ನೆರೆ ರಾಜ್ಯಗಳಾಗಿದ್ದವು. ಏಕೀಕರಣವಾಯಿತು, ಎರಡೂ ಒಂದೇ ರಾಜ್ಯದ ಜಿಲ್ಲೆಗಳಾದವು. ಕೋವಿಯ ಗಡಿ ಮಾತ್ರ ಅಳಿಸಲಿಲ್ಲ.

1959ರ ಕಾಯ್ದೆಯ 41ನೇ ಕಲಮು, ಸಾರ್ವಜನಿಕ ಹಿತದೃಷ್ಟಿಯಿಂದ ಯಾವುದೇ ವರ್ಗದ ಜನರಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ. ಅದರಡಿ 1963ರಲ್ಲಿ ಹೊರಟ ಅಧಿಸೂಚನೆಯಲ್ಲಿ ಎರಡು ಗುಂಪುಗಳಿವೆ: ಹುಟ್ಟಿನಿಂದ ಕೊಡವರಾದವರು, ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರು. ಈ ಎರಡನೆಯ ಗುಂಪನ್ನು ಹೊರಗಿನವರು ಮರೆತುಬಿಡುತ್ತಾರೆ. ಜಮ್ಮಾ ಎಂದರೆ ಅರಸನಿಗೆ ಬೇಕಾದಾಗ ಯುದ್ಧಕ್ಕೆ ಬರುತ್ತೇವೆಂಬ ಕರಾರಿನ ಮೇಲೆ, ಕಡಿಮೆ ಕಂದಾಯಕ್ಕೆ, ವಂಶಪಾರಂಪರ್ಯವಾಗಿ ಸಿಕ್ಕ ಭೂಮಿ. ಅದು ಕೊಡವರಿಗಷ್ಟೇ ಸೀಮಿತವಲ್ಲ, ಕೊಡಗಿನ ಗೌಡರಲ್ಲೂ ಇನ್ನಿತರ ಸಮುದಾಯಗಳಲ್ಲೂ ಜಮ್ಮಾದವರಿದ್ದಾರೆ. ಹಾಗಾಗಿಯೇ ಸಂಪಾಜೆಯ ಆಚೆಗಿನ ಗೌಡರಿಗೆ ವಿನಾಯಿತಿ ಇದೆ, ಈಚೆಗಿನ ಅವರ ದಾಯಾದಿಗೆ ಇಲ್ಲ.

ವಿನಾಯಿತಿ ಎಂದರೆ ಏನು ಬೇಕಾದರೂ ಇಟ್ಟುಕೊಳ್ಳಬಹುದು ಎಂದಲ್ಲ. ಸ್ವಯಂಚಾಲಿತ ಬಂದೂಕಿನಂಥ ನಿಷೇಧಿತ ಆಯುಧಗಳು ಇದರೊಳಗೆ ಬರುವುದಿಲ್ಲ. ಕೊಡಗು ಜಿಲ್ಲೆಯಿಂದ ಹೊರಗೆ ಒಯ್ಯುವುದಾದರೆ ಒಂದು ರೈಫಲ್ ಮತ್ತು ಅದರ 100 ಗುಂಡು, ಒಂದು ನಯ ನಳಿಗೆಯ (ಒಳಗೆ ಸುರುಳಿ ಗೀರುಗಳಿಲ್ಲದ) ಕೋವಿ ಮತ್ತು ಅದರ 500 ತೋಟೆ, ಇಷ್ಟೇ ಮಿತಿ. ಬೇಟೆಗಂತೂ ಇದು ಅನುಮತಿಯೇ ಅಲ್ಲ. 1972ರ ವನ್ಯಜೀವಿ ಕಾಯ್ದೆಯ ಮುಂದೆ ಪರವಾನಗಿದಾರ, ವಿನಾಯಿತಿದಾರ ಇಬ್ಬರೂ ಒಂದೇ.

ಕೊಡವರ ಮನೆಯಲ್ಲಿ ‘ತೋಕ್’ (ಕೋವಿ) ಯಾವ ಸ್ಥಾನದಲ್ಲಿದೆ ಎಂದು ಕಂಡವರಿಗೆ ವಿನಾಯಿತಿಯನ್ನು ಬರೀ ಬ್ರಿಟಿಷರ ಬಳುವಳಿ ಎಂದು ತಳ್ಳಿಹಾಕಲು ಮನಸ್ಸಾಗದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಬೆಟ್ಟದ ಒಂಟಿಮನೆಗಳಿಂದ ಸುದ್ದಿ ಮುಟ್ಟಿಸುವ ಬಗೆಯೂ ಅದಾಗಿತ್ತು. ಪುತ್ತರಿಯ ರಾತ್ರಿ ಗದ್ದೆಯಲ್ಲಿ ಹೊಸ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಸೆಪ್ಟೆಂಬರ್ ಮೊದಲಲ್ಲಿ, ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್‌ನಲ್ಲಿ ಆಯುಧಗಳನ್ನು ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ. ಆಯುಧದ ಜೊತೆ ಇಷ್ಟು ಶಿಸ್ತಿನ ಆಚರಣೆ ಇರುವ ಸಮಾಜ ಅದನ್ನು ಆಟಿಕೆಯಂತೆ ಕಾಣುವುದಿಲ್ಲ ಎಂಬುದು ನನ್ನ ನಂಬಿಕೆ.

ಹಾಗೆಂದು ಪ್ರಶ್ನೆ ಕೇಳಬಾರದು ಎನ್ನಲಾಗದು. ಹುಟ್ಟನ್ನು ನೋಡಿ ಕೊಡುವ ರಿಯಾಯಿತಿ ಸಮಾನತೆಯ ಸಂವಿಧಾನಕ್ಕೆ ಒಗ್ಗುತ್ತದೆಯೇ ಎಂದು ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟ್‌ನಲ್ಲಿ ಕೇಳಿದರು. ಕೇಂದ್ರ ಸರ್ಕಾರ 2019ರ ಅಕ್ಟೋಬರ್ 29ರಂದು ಹೊಸ ಅಧಿಸೂಚನೆ ಹೊರಡಿಸಿ, ವಿನಾಯಿತಿಯನ್ನು 2029ರ ಅಕ್ಟೋಬರ್ 31ರ ತನಕ ಎಂದು ಕಾಲಮಿತಿಗೆ ಒಳಪಡಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಪೂರ್ವದಿಂದ ನಡೆದುಬಂದದ್ದು, ಯೋಧ ಪರಂಪರೆಯ ಸಮುದಾಯ, ಅನಿರ್ದಿಷ್ಟ ಕಾಲಕ್ಕೆ ಕೊಟ್ಟದ್ದಲ್ಲ ಎಂಬುವು ನ್ಯಾಯಾಲಯ ಕೊಟ್ಟ ಕಾರಣಗಳು.

ಇನ್ನು ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆಗೆ ಬರೋಣ. ಇಲ್ಲಿನ ಕೃಷಿಕರಿಗೆ ಕೋವಿ ಎಂದರೆ ಪೂಜೆಯ ವಸ್ತುವಲ್ಲ, ಹಾರೆ ಪಿಕಾಸಿಯ ಹಾಗೆ ತೋಟದ ಸಲಕರಣೆ. ಮಂಗನ ಹಿಂಡು ಎಳನೀರು ಉದುರಿಸುವಾಗ, ಹಂದಿಗಳು ಗೆಣಸಿನ ಸಾಲು ಉತ್ತು ಹಾಕುವಾಗ ಆಕಾಶಕ್ಕೆ ಹೊಡೆದ ಒಂದು ಈಡು ಬೆಳಗಿನ ತನಕ ತೋಟ ಕಾಯುತ್ತದೆ. ಆದರೆ ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶದ ತನಕ ಕೋವಿ ಠಾಣೆಯಲ್ಲಿರುತ್ತದೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿ, ಹೀಗೆ ಒಂದರ ಹಿಂದೆ ಒಂದು ಬಂದರೆ ಕೋವಿ ಮನೆಯಲ್ಲಿದ್ದದ್ದೇ ಕಡಿಮೆ. ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ಕಸಿದುಕೊಳ್ಳುವುದು ಸರಿಯಲ್ಲ, ಸಮಿತಿಯೊಂದು ಪ್ರಕರಣ ನೋಡಿ ತೀರ್ಮಾನಿಸಬೇಕು ಎಂದು ಗೋವಾದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟ್ 2009ರಲ್ಲೇ ಹೇಳಿತ್ತು. ಅದಾಗಿಯೂ ದಕ್ಷಿಣ ಕನ್ನಡದ ಕೃಷಿಕರು ಪ್ರತಿ ಚುನಾವಣೆಗೂ ಮನವಿ ಹಿಡಿದು ಓಡಾಡುತ್ತಾರೆ. ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಇದ್ದಾರೆ. ಅಪರಾಧದ ಒಂದು ಸಾಲೂ ಹೆಸರಿನ ಮುಂದೆ ಇಲ್ಲದ ಎಪ್ಪತ್ತು ವರ್ಷದ ಅಜ್ಜ ಕೋವಿ ಹೆಗಲಿಗೇರಿಸಿ ಬಸ್ಸು ಹತ್ತಿ ಠಾಣೆಗೆ ಹೋಗುವುದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ.

ರಾಜ್ಯಗಳ ನಡುವಿನ ಅಂತರವನ್ನೂ ಒಮ್ಮೆ ಅಂಕಿಯಲ್ಲಿ ನೋಡಿ. ಕೇಂದ್ರ ಗೃಹ ಸಚಿವಾಲಯದ ಲೆಕ್ಕದಂತೆ 2016ರ ಕೊನೆಗೆ ಕರ್ನಾಟಕದಲ್ಲಿ ಸುಮಾರು 1.13 ಲಕ್ಷ ಪರವಾನಗಿಗಳಿದ್ದವು. ತಮಿಳುನಾಡಿನಲ್ಲಿ ಸುಮಾರು 22,500, ಕೇರಳದಲ್ಲಿ ಹತ್ತು ಸಾವಿರಕ್ಕೂ ಕಡಿಮೆ. ಜನಸಂಖ್ಯೆಗೆ ಹೋಲಿಸಿದರೂ ಕೇರಳಕ್ಕಿಂತ ನಮ್ಮಲ್ಲಿ ಆರು ಪಟ್ಟು ಹೆಚ್ಚು. ಕಾಯ್ದೆ ಒಂದೇ ಆದರೂ ಕೊಡುವ ಕೈ ಬೇರೆ. ಪರವಾನಗಿ ನೀಡುವವರು ಜಿಲ್ಲಾಧಿಕಾರಿ ಇಲ್ಲವೇ ಪೊಲೀಸ್ ಕಮಿಷನರ್, ಮತ್ತು ಅರ್ಜಿಯ ಹಣೆಬರಹ ಬರೆಯುವುದು ಠಾಣೆಯ ವರದಿ. ಕೋವಿ ಕಡಿಮೆ ಇದ್ದದ್ದರಿಂದ ಕೇರಳಕ್ಕೆ ಬೇರೆ ಪೇಚು ಬಂತು. ಕಾಡುಹಂದಿ ಹಾವಳಿ ಮಿತಿಮೀರಿ, 2022ರಲ್ಲಿ ಅಲ್ಲಿನ ಸರ್ಕಾರ ಹಂದಿ ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು. ಆದರೆ ಹೊಡೆಯಬೇಕಾದವರು ಪರವಾನಗಿ ಇರುವ ಕೋವಿಯವರು, ಅಂಥವರನ್ನು ಊರೂರಲ್ಲಿ ಹುಡುಕಬೇಕು.

2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಸಂಭ್ರಮದ ನೆಪದಲ್ಲಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ ಎಂದೂ ಸೇರಿಸಿತು. ಉತ್ತರ ಭಾರತದ ಮದುವೆ ದಿಬ್ಬಣಗಳನ್ನು ನೋಡಿ ಮಾಡಿದ ಕಲಮು ಅದು.

2029ರ ಗಡುವು ಹತ್ತಿರವಾದಂತೆ ವಾದ ಮತ್ತೆ ಏಳುತ್ತದೆ. ಕೊಡಗಿನ ವಿನಾಯಿತಿ ತೆಗೆಯಬೇಕು ಎನ್ನುವವರು ಸಮಾನತೆಯ ಹೆಸರು ಹೇಳುತ್ತಾರೆ. ಆಚೆಯವರ ಕೋವಿ ಕಸಿದರೆ ಈಚೆಯವರ ತೋಟಕ್ಕೆ ಬರುವ ಹಂದಿ ಕಡಿಮೆಯಾಗುವುದಿಲ್ಲ. ಈಚೆಯವರಿಗೆ ಬೇಕಿರುವುದು ವಿನಾಯಿತಿಯೂ ಅಲ್ಲ. ನಾಗರಿಕ ಬಂದೂಕು ತರಬೇತಿ ಮುಗಿಸಿ, ಪಹಣಿ ತೋರಿಸಿ, ಬೆಳೆ ರಕ್ಷಣೆಗೆಂದು ಕೇಳಿದವರಿಗೆ ನಿಯಮದ ಗಡುವಿನೊಳಗೆ ಒಂದು ಉತ್ತರ, ಮತ್ತು ಚುನಾವಣೆಯ ಹೊತ್ತಿನಲ್ಲಿ ಅವರವರ ನಡತೆ ನೋಡಿ ತೀರ್ಮಾನ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ರಕ್ಷಣೆಗೆಂದು ಕೇಳಿದ ನಯ ನಳಿಗೆಯ ಕೋವಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಪರವಾನಗಿ ಕೊಡಬೇಕು ಎಂದು 1959ರ ಕಾಯ್ದೆಯ 13ನೇ ಕಲಮಿನಲ್ಲಿ ಆಗಲೇ ಬರೆದಿದೆ.